ಅವಳು ಕೂತರೆ ನಾನು ಏಳಬೇಕಲ್ಲ?

(ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆ ಮನೆಯವರ ಒಪ್ಪಿಗೆ ಇದೆ.)

ಅವರಿಗೆ ನಲವತ್ತಮೂರು ವರ್ಷ. ಮಂಗಳೂರಿನ ಒಂದು ಬ್ಯಾಂಕ್ ಶಾಖೆಯಲ್ಲಿ ಅಧಿಕಾರಿ. ಮನೆ ಉಡುಪಿ ಕಡೆ, ಹೆದ್ದಾರಿ ಪಕ್ಕದ ಒಂದು ಊರು. ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಮನೆಯಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವ ಗಂಡ, ಹೈಸ್ಕೂಲಿನ ಮಗ, ಎಪ್ಪತ್ತು ದಾಟಿದ ಅತ್ತೆ. ಜನವರಿ ಎರಡನೇ ವಾರ ನನ್ನ ಹತ್ತಿರ ಸಲಹೆಗೆಂದು ಬಂದು ಕೂತವರು ಹೇಳಿದ್ದು ಇಷ್ಟು: "ಮೇಡಂ, ಈ ವರ್ಷ ನಿಧಾನವಾಗಿ ಬದುಕಬೇಕು ಅಂತ ನಿರ್ಧಾರ ಮಾಡಿದ್ದೆ. ಹತ್ತು ದಿನದಲ್ಲೇ ಸುಸ್ತಾಗಿ ಹೋಯಿತು."

ಬ್ಯಾಗಿನಿಂದ ಹೊಸ ಪ್ಲಾನರ್ ತೆಗೆದು ತೋರಿಸಿದರು. ಬೆಳಿಗ್ಗೆ ಐದಕ್ಕೆ ಏಳುವುದು, ಧ್ಯಾನ, ಡೈರಿ, ವಾರಕ್ಕೊಂದು ಕಪಾಟು ಖಾಲಿ ಮಾಡುವುದು, ತಿಂಗಳಿಗೆ ಎರಡು ಪುಸ್ತಕ, ಭಾನುವಾರ ಮೊಬೈಲ್ ಮುಟ್ಟದಿರುವುದು. ಪ್ರತಿಯೊಂದರ ಮುಂದೆಯೂ ಟಿಕ್ ಹಾಕಲು ಒಂದು ಚೌಕ. ಬಸ್ಸಿನಲ್ಲಿ ನಿಧಾನ ಬದುಕಿನ ಬಗ್ಗೆ ಪಾಡ್‌ಕಾಸ್ಟ್ ಕೇಳುತ್ತಿದ್ದರು, ಅದೂ ಒಂದೂವರೆ ಪಟ್ಟು ವೇಗದಲ್ಲಿ. ಇದನ್ನು ಹೇಳುವಾಗ ಅವರಿಗೇ ನಗು ಬಂತು. ನನಗೆ ಸಮಾಧಾನ ಆಯಿತು. ತನ್ನನ್ನು ನೋಡಿ ತಾನೇ ನಗಬಲ್ಲವರ ಜೊತೆ ಕೆಲಸ ಮಾಡುವುದು ಸುಲಭ.

ಬದುಕಿನ ಮಾತಿಗೆ ಮೊದಲು ದೇಹದ ಮಾತು ಆಡಿದೆವು. ನಿದ್ದೆ ಐದು ಗಂಟೆಗಿಂತ ಕಡಿಮೆ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ವೈದ್ಯರ ಹತ್ತಿರ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿಕೊಂಡು ಬನ್ನಿ ಎಂದೆ. ಹಿಮೋಗ್ಲೋಬಿನ್ ಕಡಿಮೆ ಇತ್ತು, ಔಷಧಿ ಶುರುವಾಯಿತು. ಅಂದರೆ ಅವರ ಸುಸ್ತಿನ ಒಂದು ಪಾಲಿಗೆ ಉತ್ತರ ಇದ್ದದ್ದು ಕಬ್ಬಿಣದ ಮಾತ್ರೆಯಲ್ಲಿ. ಖಿನ್ನತೆಯ ಲಕ್ಷಣಗಳ ಬಗ್ಗೆಯೂ ಕೇಳಿದೆ, ಅದು ಕಾಣಲಿಲ್ಲ. ಓದುವವರಿಗೆ ಒಂದು ಮಾತು: ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಊಟ ಕೆಟ್ಟಿದೆ ಅಂತಾದರೆ ಪ್ಲಾನರ್ ಕೊಳ್ಳಬೇಡಿ, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಆಮೇಲೆ ಒಂದು ವಾರ ಏನನ್ನೂ ಬದಲಿಸದೆ, ನಡೆದದ್ದನ್ನು ನಡೆದ ಹಾಗೆ ಬರೆದುಕೊಂಡು ಬರಲು ಹೇಳಿದೆ. ಆ ಹಾಳೆಯಲ್ಲಿ ಆಫೀಸಿಗಿಂತ ನನ್ನ ಕಣ್ಣಿಗೆ ಬಿದ್ದದ್ದು ಶನಿವಾರ, ಭಾನುವಾರ. ಒಂದು ಮದುವೆ, ಗಂಡನ ಕುಟುಂಬದ ದೈವದ ನೇಮ, ತವರಿನ ಕಡೆ ದೇವಸ್ಥಾನದ ಬ್ರಹ್ಮಕಲಶ ಉತ್ಸವಕ್ಕೆ ಅಕ್ಕಿ, ಕಾಯಿಯ ಹೊರೆಕಾಣಿಕೆ, ಪಕ್ಕದ ಮನೆಯವರ ಹರಕೆಯ ಯಕ್ಷಗಾನ ಆಟ. ಎಲ್ಲ ಒಂದೇ ವಾರಾಂತ್ಯದಲ್ಲಿ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಕ್ರಾಂತಿ ಕಳೆದರೆ ಮದುವೆ ಸಾಲು ಹಿಡಿಯುತ್ತದೆ. ನೇಮ, ಯಕ್ಷಗಾನ ಮೇಳಗಳ ತಿರುಗಾಟ ಇವೆಲ್ಲ ನಿಲ್ಲುವ ದಿನವಾದ ಮೇ ಕೊನೆಯ ಪತ್ತನಾಜೆವರೆಗೆ ನಡೆಯುತ್ತದೆ. ಬ್ಯಾಂಕಿನವರಿಗೆ ನಡುವೆ ವರ್ಷದ ಲೆಕ್ಕ ಮುಗಿಸುವ ಮಾರ್ಚ್ 31 ಬೇರೆ. ನಿಧಾನವಾಗಲು ಇಡೀ ವರ್ಷದಲ್ಲಿ ಇದಕ್ಕಿಂತ ಕೆಟ್ಟ ತಿಂಗಳು ಸಿಗುವುದಿಲ್ಲ. ನಮ್ಮಲ್ಲಿ ಕೈ ಖಾಲಿ ಇದ್ದ ತಿಂಗಳು ಎಂದರೆ ತುಳುವರ ಆಟಿ. ಅದು ಬರುವುದು ಜುಲೈ ನಡುವೆ. ತುಳುವರ ಹೊಸ ವರ್ಷ ಬಿಸು ಕೂಡ ಏಪ್ರಿಲ್ ನಡುವಿಗೆ. ಜನವರಿ ಒಂದಕ್ಕೇ ಬದಲಾಗಬೇಕು ಅಂತ ಕಟ್ಟಿಹಾಕಿದ್ದು ಯಾರು?

ಇದನ್ನು ಹೇಳಿದಾಗ ಅವರ ಭುಜ ಸ್ವಲ್ಪ ಇಳಿಯಿತು.

ಮೂರನೇ ಭೇಟಿಗೆ ಮನೆಯವರನ್ನೂ ಕರೆಸಿದೆ. ಇಡೀ ಪ್ರಕರಣ ತಿರುಗಿದ್ದು ಅಲ್ಲಿ. ಸೊಸೆ ಐದಕ್ಕೆ ಎದ್ದು ಧ್ಯಾನಕ್ಕೆ ಕೂರುತ್ತಾರೆ ಅಂದೆನಲ್ಲ, ಆ ಹೊತ್ತಿಗೆ ಕುಚ್ಚಲಕ್ಕಿ ಒಲೆಗೆ ಇಡುವುದು ಯಾರು? ಅದು ಬೇಯಲು ಮುಕ್ಕಾಲು ಗಂಟೆಯಾದರೂ ಬೇಕು. ಮಂಡಿನೋವಿನ ಅತ್ತೆ ಎದ್ದು ಇಡುತ್ತಿದ್ದರು. ಅವರಿಗೆ ಕೋಪ ಇರಲಿಲ್ಲ. "ಅವಳು ಕೂತುಕೊಳ್ಳಲಿ ಮೇಡಂ, ನಂಗೆ ಎಂತ ಉಂಟು. ಆದ್ರೆ ಅವಳು ಕೂತ್ರೆ ನಾನು ಏಳ್ಬೇಕಲ್ಲ?" ಎಂದರು. ಸೊಸೆಯ ಮುಖ ಕೆಂಪಾಯಿತು. ಗಂಡ "ನನಗೆ ಯಾರೂ ಹೇಳಲೇ ಇಲ್ಲ" ಎಂದರು. ಸುಳ್ಳಲ್ಲ. ಅವರು ಕೇಳಿಯೂ ಇರಲಿಲ್ಲ.

ನಿಧಾನ ಬದುಕಿನ ಬಗ್ಗೆ ಬರುವ ಸಲಹೆಗಳಲ್ಲಿ ನನಗೆ ಸರಿಕಾಣದ್ದು ಇದೇ. ಅವು ಒಬ್ಬರೇ ಇರುವ ಮನೆಗೆ ಬರೆದ ಹಾಗಿರುತ್ತವೆ. ಕಾರ್ಲೊ ಪೆಟ್ರಿನಿ ಮತ್ತು ಜೊತೆಯವರು 1986ರಲ್ಲಿ ರೋಮ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಅಂಗಡಿ ಬರುವುದನ್ನು ವಿರೋಧಿಸಿದಾಗ ಹುಟ್ಟಿದ ಚಳವಳಿಗೆ 'ಸ್ಲೋ ಫುಡ್' ಎಂದು ಹೆಸರಾಯಿತು. ಅಲ್ಲಿನ ಮಾತು ಊರಿನ ಅಡುಗೆ, ಅದನ್ನು ಬೆಳೆಯುವ ರೈತ, ಒಟ್ಟಿಗೆ ಕೂತು ಉಣ್ಣುವುದು. ಅದು ಮೊಬೈಲಿಗೆ ಬರುವ ಹೊತ್ತಿಗೆ ಒಬ್ಬರ ಮೇಜು, ಒಂದು ಕಪ್ ಕಾಫಿ, ಒಂದು ಡೈರಿ ಆಗಿದೆ. ಆ ಕಪ್ ತೊಳೆಯುವವರು ಚಿತ್ರದಲ್ಲಿ ಇರುವುದಿಲ್ಲ.

ಹಾಗಾಗಿ ನಾನು ಕೊಟ್ಟ ಸಲಹೆ ಹೊಸತೇನನ್ನೂ ಸೇರಿಸುವುದು ಆಗಿರಲಿಲ್ಲ. ಯಾವುದನ್ನು ಬಿಡುತ್ತೀರಿ, ಬಿಟ್ಟದ್ದು ಯಾರ ತಲೆಗೆ ಬೀಳುತ್ತದೆ, ಅವರ ಹತ್ತಿರ ಮಾತಾಡಿದ್ದೀರಾ, ಇಷ್ಟೇ. ಪ್ಲಾನರ್ ಮುಚ್ಚಿಟ್ಟರು. ಏಳುವುದು ಆರಕ್ಕೆ, ನಿದ್ದೆ ಮೊದಲು. ಅನ್ನ ರಾತ್ರಿಯೇ ಮಾಡಿಟ್ಟು ಬೆಳಿಗ್ಗೆ ಗಂಜಿ, ಉಪ್ಪಿನಕಾಯಿ. ಅತ್ತೆಗೆ ಇದು ಮೊದಲೇ ಇಷ್ಟ. ತಿಂಡಿಗೆ ದಿನಕ್ಕೊಂದು ಬಗೆ ಬೇಕೆಂದು ಹಠ ಮಾಡುತ್ತಿದ್ದದ್ದು ಮಗ. ಅವನಿಗೆ ಬೇಕಾದರೆ ಅವನೇ ದೋಸೆ ಹುಯ್ಯಲಿ, ಹೈಸ್ಕೂಲು ಹುಡುಗನಿಗೆ ಅಷ್ಟು ಬರಬೇಕು.

ಗಂಡನ ಜೊತೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡಬೇಕಾಯಿತು. ಮೇ ತಿಂಗಳಲ್ಲಿ ನಾಲ್ಕು ದಿನ ಕೂರ್ಗ್ ರೆಸಾರ್ಟಿಗೆ ಕರೆದುಕೊಂಡು ಹೋಗುತ್ತೇನೆ, ಆರಾಮಾಗಿ ಇರಲಿ ಎನ್ನುವುದು ಅವರ ಯೋಚನೆ. ಅವರ ಅಂಗಡಿಗೆ ದಿನಾ ಪಿಗ್ಮಿ ಕಲೆಕ್ಟರ್, ಅಂದರೆ ದಿನಕ್ಕಿಷ್ಟು ಎಂದು ಉಳಿತಾಯದ ಹಣ ಕಟ್ಟಿಸಿಕೊಳ್ಳುವವರು, ಬರುತ್ತಾರೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಪದ್ಧತಿ ಅದು. ನಿಮ್ಮ ಹೆಂಡತಿಯ ಬಿಡುವನ್ನು ನೀವು ವರ್ಷಕ್ಕೊಮ್ಮೆ ಎಫ್‌ಡಿ ಇಡಲು ನೋಡುತ್ತಿದ್ದೀರಿ, ಅವರಿಗೆ ಬೇಕಾದ್ದು ಪಿಗ್ಮಿ ಎಂದೆ. ಅದು ಅವರಿಗೆ ಹಿಡಿಸಿತು. ವಾರದಲ್ಲಿ ಮೂರು ರಾತ್ರಿ ಅಡುಗೆಮನೆ ಅವರದು, ಮೀನು ತಂದ ದಿನ ಕ್ಲೀನ್ ಮಾಡುವುದೂ ಅವರೇ ಎಂದು ಒಪ್ಪಿದರು. ಒಪ್ಪಿದ್ದನ್ನು ಅತ್ತೆಯ ಎದುರೇ ಹೇಳಿಸಿದೆ. ಗಂಡ ಅಡುಗೆಮನೆಗೆ ಹೋದರೆ ಅವರ ಅಮ್ಮ ಹಿಂದೆಯೇ ಹೋಗಿ ಪಾತ್ರೆ ಕಿತ್ತುಕೊಳ್ಳುವುದು ನನಗೆ ಗೊತ್ತಿದ್ದ ವಿಷಯ.

ಕಾರ್ಯಕ್ರಮಗಳಿಗೆ ಬೇರೆ ಲೆಕ್ಕ. ಇಡೀ ಮನೆ ಹೋಗಲೇಬೇಕಾದ್ದು, ಒಬ್ಬರು ಹೋದರೆ ಸಾಕಾದ್ದು, ಫೋನ್ ಮಾಡಿ ಆಮೇಲೊಮ್ಮೆ ಮನೆಗೆ ಹೋಗಿ ಬರುವಂಥದ್ದು ಎಂದು ಆಮಂತ್ರಣ ಪತ್ರಿಕೆಗಳನ್ನು ಮೂವರೂ ಕೂತು ವಿಂಗಡಿಸಿದರು. ಕುಟುಂಬದ ನೇಮವನ್ನು ನಾನು ಮುಟ್ಟಲಿಲ್ಲ. ಅಲ್ಲಿ ಇಡೀ ದಿನ ಕೂತು ನೆಂಟರ ಜೊತೆ ಮಾತಾಡುವುದು ತಮಗೆ ಖುಷಿ ಎಂದು ಅವರೇ ಹೇಳಿದ್ದರು. ಅದಕ್ಕಿಂತ ಒಳ್ಳೆಯ ನಿಧಾನ ಯಾವುದು?

ಬಸ್ಸಿನದ್ದು ಚಿಕ್ಕ ವಿಷಯ. ಬೆಳಿಗ್ಗೆ ಹೋಗುವಾಗ ಮೂಲ್ಕಿ ಸೇತುವೆ ದಾಟುವವರೆಗೆ ಫೋನ್ ಬ್ಯಾಗಿನಲ್ಲಿ. ಪಾಡ್‌ಕಾಸ್ಟ್ ಬೇಡ, ಉಸಿರಾಟದ ಅಭ್ಯಾಸವೂ ಬೇಡ. ಸುಮ್ನೆ ಕೂರಿ, ನಿದ್ದೆ ಬಂದರೆ ಮಾಡಿ.

ಮಾರ್ಚ್ ಕೊನೆಯ ಎರಡು ವಾರ ಯಾವ ನಿಯಮವೂ ಇಲ್ಲ ಎಂದು ಮೊದಲೇ ಹೇಳಿದ್ದೆ. ಹಾಗೆಯೇ ಆಯಿತು, ಎಲ್ಲ ಅಡಿಮೇಲು. ಮೊದಲೇ ಗೊತ್ತಿದ್ದ ಕಾರಣ ಏಪ್ರಿಲಿನಲ್ಲಿ ಮತ್ತೆ ಹಿಡಿಯುವುದು ಕಷ್ಟವಾಗಲಿಲ್ಲ. ಬಿಸು ಕಳೆದು ಬಂದಾಗ ನಿದ್ದೆ ಆರೂವರೆ ಗಂಟೆಗೆ ಬಂದಿತ್ತು, ಏದುಸಿರು ಇರಲಿಲ್ಲ. ಗಂಡನ ಮೂರು ರಾತ್ರಿ ಎರಡಕ್ಕೆ ಇಳಿದಿದೆ, ಆ ಬಗ್ಗೆ ಜಗಳ ನಡೆಯುತ್ತಿದೆ. ಜಗಳ ಆಗಲಿ, ಮೊದಲು ಅದೂ ಇರಲಿಲ್ಲ. ಮದುವೆಗೆ ಬರಲಿಲ್ಲವೆಂದು ಒಬ್ಬ ಚಿಕ್ಕಮ್ಮ ಮಾತು ಬಿಟ್ಟಿದ್ದಾರೆ. ಅದು ಇವರಿಗೆ ಇನ್ನೂ ಚುಚ್ಚುತ್ತದೆ. ಅದನ್ನು ನಾನು ಸಮಾಧಾನ ಮಾಡಿ ಮುಚ್ಚಲು ಹೋಗಲಿಲ್ಲ. ಕೆಲವನ್ನು ಬಿಟ್ಟರೆ ಕೆಲವರಿಗೆ ಬೇಜಾರಾಗುತ್ತದೆ, ಅಲ್ವಾ.

ಉಳಿದಿರುವುದು ದೊಡ್ಡ ಪ್ರಶ್ನೆ. ದಿನಕ್ಕೆ ಎರಡೂವರೆ ಗಂಟೆಯ ಬಸ್ಸು ಯಾವ ಸಲಹೆಯಿಂದಲೂ ಕಡಿಮೆಯಾಗುವುದಿಲ್ಲ. ಉಡುಪಿ ಕಡೆಯ ಶಾಖೆಗೆ ವರ್ಗ ಕೇಳಿದರೆ ಮುಂದಿನ ಬಡ್ತಿ ತಪ್ಪಬಹುದು. ಕೇಳುವುದೋ ಬೇಡವೋ ಎಂದು ಗಂಡ ಹೆಂಡತಿ ಇನ್ನೂ ಲೆಕ್ಕ ಹಾಕುತ್ತಿದ್ದಾರೆ. ಪತ್ತನಾಜೆ ಕಳೆದು ಜೂನ್ ಮೊದಲ ವಾರ ಇಬ್ಬರೂ ಬರುತ್ತೇವೆ ಎಂದಿದ್ದಾರೆ. ಸಂಬಳ, ಸಾಲದ ಕಂತು, ಮಗನ ಕಾಲೇಜು ಖರ್ಚು ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಬರಲು ಹೇಳಿದ್ದೇನೆ.