‘ನರಕದ ನಾದ’ ಕಳಿಸಿದವರಿಗೆ

ನಮಸ್ಕಾರ.

ಬ್ರಿಟನ್ನಿನ ರಾಕ್ ತಂಡ ಬ್ಲ್ಯಾಕ್ ಸಬತ್‌ನ ಮೊದಲ ನಾಲ್ಕು ಆಲ್ಬಂಗಳ ಬಗ್ಗೆ ನೀವು ಕಳಿಸಿದ ‘ನರಕದ ನಾದ’ ಓದಿದೆ. ಕಾಗುಣಿತ ಚೆನ್ನಾಗಿದೆ, ಹೇಳಿದ ಪದಮಿತಿಯೊಳಗೇ ಇದೆ, ವಿಷಯವೂ ಕನ್ನಡದಲ್ಲಿ ಜಾಸ್ತಿ ಯಾರೂ ಮುಟ್ಟದ್ದು. ಸಂತೋಷ. ಆದರೆ ಈಗಿರುವ ಹಾಗೆ ಹಾಕಲಾರೆ. ಎರಡು ಸಲ ಓದಿದೆ, ಎರಡು ಸಲವೂ ಸಿಟ್ಟು ಬಂತು. ಅದಕ್ಕೇ ಮಾಮೂಲಿ ‘ವಿಷಾದಿಸುತ್ತೇವೆ’ ಬಿಟ್ಟು ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಸಾಲು: ‘1970ರ ಫೆಬ್ರವರಿ 13, ಶುಕ್ರವಾರ. ಜಗತ್ತಿನ ಸಂಗೀತದ ಎದೆ ನಡುಗಿತು.’ ಯಾರ ಎದೆ? ಅವತ್ತು ಬರ್ಮಿಂಗ್‌ಹ್ಯಾಮಿನ ಆಸ್ಟನ್ ಕಡೆಯ ನಾಲ್ಕು ಹುಡುಗರ ಮೊದಲ ರೆಕಾರ್ಡು ಅಂಗಡಿಗೆ ಬಂತು, ಅಷ್ಟೇ. ವಿಮರ್ಶಕರು ಬೈದರು. ಹುಡುಗರು ಕೊಂಡರು. ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂತು. ಹೆವಿ ಮೆಟಲ್ ಅಂತ ಹೆಸರಾಗಿದ್ದನ್ನು ಈಗ ತಿಳಿದುಕೊಂಡು, ಹಿಂದಕ್ಕೆ ಹೋಗಿ ಎದೆ ನಡುಗಿಸುವುದು ಸುಲಭ.

ಎರಡನೇ ಸಾಲು: ‘ಸೈತಾನನ ಸ್ವರದಿಂದ ಸಿಡಿದ ಕರ್ಣಕಠೋರ ಗರ್ಜನೆ.’ (ಕರ್ಣಕಠೋರ ಲೇಖನದಲ್ಲಿ ಏಳು ಸಲ ಬರುತ್ತದೆ. ಎಣಿಸಿದೆ.) ಆ ರೆಕಾರ್ಡಿನ ಮೊದಲ ಹಾಡು ಶುರುವಾಗುವುದು ಗರ್ಜನೆಯಿಂದ ಅಲ್ಲ, ಮಾರಾಯರೆ. ಮೊದಲು ಮಳೆ. ದೂರದಲ್ಲಿ ಗಂಟೆ. ಗುಡುಗು. ಆಮೇಲೆ ಟೋನಿ ಅಯೋಮಿಯವರ ಗಿಟಾರಿನಲ್ಲಿ ಮೂರೇ ಸ್ವರ. ನಮ್ಮ ಲೆಕ್ಕದಲ್ಲಿ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿ ಮಧ್ಯಮ. ಆ ಮೂರನೆಯದನ್ನು ಸುಮ್ನೆ ಬಿಡದೆ ನಡುಗಿಸುತ್ತಾರೆ. ಹಾಡುಗಾರ ಆಝಿ ಆಸ್ಬರ್ನ್ ಬಾಯಿ ತೆಗೆಯುವ ಹೊತ್ತಿಗೆ ಗಿಟಾರು ದನಿ ತಗ್ಗಿಸಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಹೆದರಿಕೆಯಾಗುವುದು ಅಲ್ಲಿ.

ಸೈತಾನನ ಸ್ವರವನ್ನು, ಅಂದರೆ ಷಡ್ಜದ ಜೊತೆ ಬರುವ ಈ ಪ್ರತಿ ಮಧ್ಯಮವನ್ನು, ಮಧ್ಯಯುಗದ ಚರ್ಚು ನಿಷೇಧಿಸಿತ್ತು ಅಂತಲೂ ಬರೆದಿದ್ದೀರಿ. ಅಂಥ ಆಜ್ಞೆಗೆ ಆಧಾರವೇ ಇಲ್ಲ. ಕಿವಿಗೆ ಒರಟು, ಹಾಡಲು ಕಷ್ಟ ಅಂತ ದೂರ ಇಡುತ್ತಿದ್ದರು, ಅಷ್ಟೇ. ನಮ್ಮ ಕಲ್ಯಾಣಿ ರಾಗದಲ್ಲಿ ಇರುವುದೂ ಇದೇ ಪ್ರತಿ ಮಧ್ಯಮ. ಕಲ್ಯಾಣಿ ನುಡಿಸಿದರು ಅಂತ ಮದುವೆ ಮನೆಯಿಂದ ಯಾರೂ ಹೆದರಿ ಎದ್ದು ಹೋಗಿಲ್ಲ. ಅಂದ ಮೇಲೆ ಇಲ್ಲಿ ಹೆದರಿಸುವುದು ಸ್ವರ ಒಂದೇ ಅಲ್ಲ, ಅಲ್ವಾ? ಆ ನಿಧಾನ, ಸ್ವರದ ಹಿಂದೆಮುಂದೆ ಬಿಟ್ಟ ಜಾಗ, ನಡುವೆ ಬಿಲ್ ವಾರ್ಡ್ ಉರುಳಿಸುವ ಡ್ರಮ್ಮು. ಸಂಗೀತದ ಮೇಷ್ಟ್ರ ಮಗ ಅಂತ ಪರಿಚಯದಲ್ಲಿ ಬರೆದುಕೊಂಡಿದ್ದೀರಿ. ಇದನ್ನು ನೀವಲ್ಲದೆ ಯಾರು ಹೇಳಬೇಕು?

ಇನ್ನು ಬೆರಳಿನ ಕಥೆ. ‘ಬೆರಳು ತುಂಡಾದ್ದರಿಂದ ಅಯೋಮಿ ತಂತಿ ಸಡಿಲಿಸಿದರು, ಮೊದಲ ಆಲ್ಬಮ್ಮಿನ ಭಾರ ಹುಟ್ಟಿದ್ದೇ ಅಲ್ಲಿ.’ ತಪ್ಪು. ಹದಿನೇಳನೇ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯ ಕೆಲಸದ ಕೊನೆಯ ದಿನ, ಅವರ ಬಲಗೈಯ ಎರಡು ಬೆರಳಿನ ತುದಿ ಹೋದದ್ದು ನಿಜ. ಅವರು ಎಡಚರು, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ಮೇಲೆ ಚರ್ಮ ಅಂಟಿಸಿದರು, ತೆಳು ತಂತಿ ಬೇಕಾಗಿ ಬ್ಯಾಂಜೋ ತಂತಿ ಹಾಕಿದರು. ಆದರೆ ಮೊದಲ ಎರಡು ಆಲ್ಬಂ ಮಾಮೂಲಿ ಶ್ರುತಿಯಲ್ಲೇ ಇವೆ. ತಂತಿ ಸಡಿಲವಾಗಿದ್ದು 1971ರ ಮೂರನೇ ಆಲ್ಬಂ ‘ಮಾಸ್ಟರ್ ಆಫ್ ರಿಯಾಲಿಟಿ’ಯಲ್ಲಿ. ಅದರ ‘ಇನ್‌ಟು ದ ವಾಯ್ಡ್’ ಹಾಡು ಕೇಳಿ. ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಬಿಳಿ ಎಲ್ಲ ಸೇರಿ ಮೂರು ಮನೆ ಕೆಳಗೆ. ಮೊದಲ ಆಲ್ಬಂ ಹಾಕಿ ಆಮೇಲೆ ಇದನ್ನು ಹಾಕಿದರೆ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. ನಾಲ್ಕು ಆಲ್ಬಂ ತೂಗಲು ಕೂತವರು ಈ ಒಂದು ವ್ಯತ್ಯಾಸ ಬಿಟ್ಟರೆ ತೂಗಿದ್ದಾದರೂ ಏನನ್ನು?

ನನಗೆ ಇದು ಯಾಕೆ ಇಷ್ಟು ಚುಚ್ಚುತ್ತದೆ ಅಂದರೆ, ನಾನೂ ಇದನ್ನೇ ಮಾಡಿದವನು. ತೊಂಬತ್ತರ ದಶಕದ ಶುರು. ಪತ್ರಿಕೆಯೊಂದರಲ್ಲಿ ಟ್ರೈನಿ. ಗೆಳೆಯ ಡಬ್ ಮಾಡಿಸಿಕೊಟ್ಟ ‘ಪ್ಯಾರನಾಯ್ಡ್’, ಅಂದರೆ ಇವರ ಎರಡನೇ ಆಲ್ಬಮ್ಮಿನ, ಕ್ಯಾಸೆಟ್ಟು ಕೇಳಿ ಎರಡು ಕಾಲಂ ಬರೆದೆ. ‘ಆಝಿಯ ಪಾತಾಳದಿಂದ ಎದ್ದು ಬಂದ ದನಿ’ ಅನ್ನೋದು ನನ್ನ ಹೆಮ್ಮೆಯ ಸಾಲು. ನಮ್ಮ ಹಿರಿಯ ಉಪಸಂಪಾದಕರಿಗೆ ಇಂಗ್ಲಿಷ್ ಹಾಡಿನ ಗಂಧಗಾಳಿ ಇರಲಿಲ್ಲ. ಕ್ಯಾಸೆಟ್ಟು ತಾ ಅಂದರು. ಆಫೀಸಿನ ಟೂ-ಇನ್-ಒನ್‌ನಲ್ಲಿ ಹಾಕಿದರು. ಹಾಡು ನನ್ನ ರೂಮಿನಲ್ಲಿ ಕೇಳಿದ್ದಕ್ಕಿಂತ ಚುರುಕಾಗಿ, ದನಿ ಇನ್ನೂ ಸಣ್ಣಗೆ ಬಂತು. ಅವರು ಅರ್ಧ ನಿಮಿಷ ಕೇಳಿ, ‘ಎಲ್ಲೋ ನಿನ್ನ ಪಾತಾಳ? ಇವನು ಮಾಳಿಗೆ ಮೇಲೆ ನಿಂತು ಕೂಗ್ತಿದಾನಲ್ಲೋ’ ಅಂದರು.

ನನ್ನ ಟೇಪ್‌ರೆಕಾರ್ಡರಿನ ಬೆಲ್ಟು ಸಡಿಲಾಗಿತ್ತು. ನಿಧಾನಕ್ಕೆ ಓಡುತ್ತಿತ್ತು. ರಿಪೇರಿಯವನು ಹೊಸ ರಬ್ಬರ್ ಬೆಲ್ಟು ಹಾಕಿದ ಮೇಲೆ ಆಝಿ ನಿಜಕ್ಕೂ ಎಷ್ಟು ಮೇಲಿನ ದನಿಯಲ್ಲಿ ಹಾಡುತ್ತಾರೆ ಅಂತ ಮೊದಲ ಸಲ ಕೇಳಿದೆ. ಲೇಖನ ಪೂರ್ತಿ ಬಿದ್ದುಹೋಯಿತು. ಬೆಲ್ಟಿನ ತಪ್ಪು ಇರಲಿ, ‘ಪಾತಾಳ’ ಅನ್ನೋ ಪದ ಕ್ಯಾಸೆಟ್ಟಿನ ಹೊದಿಕೆ ನೋಡಿದಾಗಲೇ ನನ್ನ ತಲೆಯಲ್ಲಿ ರೆಡಿಯಾಗಿತ್ತು.

ನಿಮ್ಮ ಲೇಖನದ ಉಳಿದ ಪುಟಗಳಿಗೆ, ನಾಲ್ಕನೇ ಆಲ್ಬಂ ‘ವಾಲ್ಯೂಮ್ 4’ಕ್ಕೆ ಕೊಟ್ಟ ಅಂಕಗಳಿಗೆ, ನಾನು ಹೋಗುವುದಿಲ್ಲ. ‘ಪ್ಯಾರನಾಯ್ಡ್’ ಹಾಡು ‘ದೀರ್ಘ ತಪಸ್ಸಿನ ಫಲ’ ಅನ್ನೋದನ್ನು ಮಾತ್ರ ದಯವಿಟ್ಟು ಹೊಡೆದುಹಾಕಿ. ಆಲ್ಬಮ್ಮಿನಲ್ಲಿ ಜಾಗ ಉಳಿಯಿತು ಅಂತ ಕೆಲವೇ ನಿಮಿಷದಲ್ಲಿ ಕಟ್ಟಿದ, ಮೂರು ನಿಮಿಷವೂ ಇಲ್ಲದ ಹಾಡು ಅದು. ಮೊದಲ ಆಲ್ಬಮ್ಮನ್ನೂ ‘ಕುಸುರಿ ಕೆಲಸ’ ಅನ್ನಬೇಡಿ. 1969ರ ಅಕ್ಟೋಬರಿನಲ್ಲಿ ಲಂಡನ್ನಿನ ಸ್ಟುಡಿಯೋದಲ್ಲಿ ಒಂದೇ ದಿನ ನುಡಿಸಿ ಮುಗಿಸಿದ್ದು.

ಇಷ್ಟೆಲ್ಲ ಬೈದೂ ಲೇಖನ ವಾಪಸ್ ಕೇಳುತ್ತಿರುವುದಕ್ಕೆ ಒಂದು ಕಾರಣ ಇದೆ. ಮೂರನೇ ಪುಟದಲ್ಲಿ, ಅದೂ ಬ್ರಾಕೆಟ್ಟಿನೊಳಗೆ, ನಾಚಿಕೊಂಡು ಬರೆದ ಹಾಗೆ ಒಂದು ಸಾಲಿದೆ: ನೀವು ಮೊದಲ ಸಲ ಈ ಆಲ್ಬಂ ಜೋರಾಗಿ ಹಾಕಿದಾಗ, ಮಳೆ ಬಂತು ಅಂತ ನಿಮ್ಮ ಅಮ್ಮ ಒಣಹಾಕಿದ ಬಟ್ಟೆ ತರಲು ತಾರಸಿಗೆ ಓಡಿದರು ಅಂತ. ಬ್ರಾಕೆಟ್ ತೆಗೆಯಿರಿ. ಅಲ್ಲಿಂದಲೇ ಶುರು ಮಾಡಿ. ಕೆಳಗೆ ಬಂದ ಮೇಲೆ ಅವರು ಏನಂದರು ಅನ್ನೋದನ್ನೂ ಬರೆಯಿರಿ.