ಪತ್ತೇದಾರಿ ಗೇಮಿನಲ್ಲಿ ತಲೆ ಓಡಿಸುವವರು ನೀವಾ, ಹೀರೋನಾ?

ಎಲ್.ಎ. ನ್ವಾರ್ ಅನ್ನುವ ಪತ್ತೇದಾರಿ ಗೇಮ್ ಮುಗಿಸಿದಿರಿ, ಕಥೆ ಇಷ್ಟವಾಯಿತು, ಆದರೆ ಕೇಸು ನೀವೇ ಬಿಡಿಸಿದ ಹಾಗೆ ಅನ್ನಿಸಲಿಲ್ಲ, ಇಂಥ ಗೇಮಿಗೆ ಮತ್ತೆ ದುಡ್ಡು ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು. ಆದರೆ ಆರಿಸಿ ಹಾಕಿ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾವ ಕಥೆಯ ಗುಟ್ಟನ್ನೂ ಬಿಡುವುದಿಲ್ಲ.

ನಿಮಗೆ ಅನ್ನಿಸಿದ್ದು ಸರಿಯೇ. 2011ರ ಆ ಗೇಮಿನಲ್ಲಿ ನಟರ ಮುಖಭಾವ ಹಿಡಿದ ರೀತಿ ಇವತ್ತಿಗೂ ಭಲೇ ಅನ್ನಬೇಕು. ಆದರೆ ಸುಳಿವಿನ ಹತ್ತಿರ ಹೋದರೆ ಸಾಕು, ಸದ್ದು ಬರುತ್ತದೆ, ಕಂಟ್ರೋಲರ್ ನಡುಗುತ್ತದೆ. ಇನ್ನು ಹುಡುಕುವುದೇನು ಉಳಿಯಿತು? ವಿಚಾರಣೆಯಲ್ಲಿ ಎದುರಿನವರ ಮಾತು ನಂಬುವುದಾ ಬಿಡುವುದಾ ಅಂತ ಆರಿಸಬೇಕು, ಅದರಲ್ಲಿ 'ಡೌಟ್' (ಅನುಮಾನ) ಒತ್ತಿದರೆ ಹೀರೋ ಮೆಲ್ಲಗೆ ಕೇಳುತ್ತಾನಾ, ಎಗರಾಡುತ್ತಾನಾ ಅಂತ ಮೊದಲೇ ತಿಳಿಯುವುದಿಲ್ಲ. 2017ರಲ್ಲಿ ಗೇಮ್ ಮತ್ತೆ ಬಂದಾಗ ಆ ಆಯ್ಕೆಗಳ ಹೆಸರನ್ನೇ ಬದಲಾಯಿಸಿದರು. ಜೊತೆಗೆ ಪ್ರಶ್ನೆ ತಪ್ಪಾದರೂ ಕೇಸು ಹೇಗೋ ಮುಂದಕ್ಕೆ ಹೋಗುತ್ತದೆ.

ನೀವು ವಕೀಲರಾಗಿ ಆಡುವ ಜಪಾನಿನ ಏಸ್ ಅಟಾರ್ನಿ ಇದಕ್ಕೆ ತದ್ವಿರುದ್ಧ. ಕೋರ್ಟಿನಲ್ಲಿ ಸಾಕ್ಷಿ ಸುಳ್ಳು ಹೇಳುತ್ತಿದ್ದಾನೆ ಅಂತ ನಿಮಗೆ ಮೊದಲೇ ಹೊಳೆದಿರುತ್ತದೆ. ಆದರೆ ಗೇಮ್ ಬಯಸಿದ ಅದೇ ಮಾತಿಗೆ, ಅದೇ ಪುರಾವೆ ತೋರಿಸಬೇಕು. ಇಲ್ಲದಿದ್ದರೆ ದಂಡ. ಉತ್ತರ ಗೊತ್ತಿದ್ದೂ ಹೇಳಲಾಗದ ಸಂಕಟ ಅಂದರೆ ಇದೇ. ಪಾತ್ರಗಳು ಮಾತ್ರ ಎಷ್ಟು ಮಜಾ ಅಂದರೆ, ಅಷ್ಟು ಕಾಟ ಸಹಿಸಿಕೊಳ್ಳಬಹುದು.

ನಿಜವಾಗಿ ನಿಮ್ಮ ತಲೆಗೇ ಕೆಲಸ ಬೇಕು ಅಂದರೆ 2018ರ ರಿಟರ್ನ್ ಆಫ್ ದಿ ಓಬ್ರಾ ದಿನ್ ಆಡಿ. ಕಾಣೆಯಾಗಿದ್ದ ಹಡಗೊಂದು 1807ರಲ್ಲಿ ವಾಪಸ್ ಬಂದಿದೆ. ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮೆ ಪರಿಶೀಲಕರು. ಹಡಗಿನಲ್ಲಿದ್ದ 60 ಜನರಲ್ಲಿ ಯಾರು ಯಾರು, ಯಾರಿಗೆ ಏನಾಯಿತು ಅಂತ ಪುಸ್ತಕದಲ್ಲಿ ತುಂಬಬೇಕು. ಹೆಣದ ಹತ್ತಿರ ಹೋದರೆ ಆ ಸಾವಿನ ಗಳಿಗೆಯ ದೃಶ್ಯ ಕಾಣುತ್ತದೆ, ಆದರೆ ಹೆಸರು ಯಾರೂ ಸುಮ್ನೆ ಹೇಳುವುದಿಲ್ಲ. ಮಾತಿನ ಧಾಟಿ, ಬಟ್ಟೆ, ಮಲಗುವ ಜೋಲಿಯ ನಂಬರ್, ಯಾರ ಪಕ್ಕ ಯಾರು ನಿಂತಿದ್ದಾರೆ, ಎಲ್ಲ ನೋಡಬೇಕು. ಮೂವರದ್ದು ಸರಿಯಾದ ಮೇಲೆ ಮಾತ್ರ ಗೇಮ್ ಖಚಿತಪಡಿಸುತ್ತದೆ, ಹಾಗಾಗಿ ಸುಮ್ಮನೆ ಊಹಿಸಿ ಪಾರಾಗುವುದು ಕಷ್ಟ. ಕಿರಿಕಿರಿಯೂ ಇದೆ. ಹಳೆ ದೃಶ್ಯವೊಂದನ್ನು ಮತ್ತೆ ನೋಡಬೇಕಾದರೆ ಆ ಹೆಣ ಇದ್ದ ಜಾಗಕ್ಕೇ ನಡೆದು ಹೋಗಬೇಕು. ಒಮ್ಮೆ ಬಿಡಿಸಿದ ಮೇಲೆ ಎರಡನೇ ಸಲ ಆಡಲು ಏನೂ ಉಳಿಯುವುದಿಲ್ಲ. ಅದಕ್ಕೇ ಯೂಟ್ಯೂಬ್ ನೋಡಬೇಡಿ, ಸಿಕ್ಕಿಹಾಕಿಕೊಂಡರೆ ಒಂದು ದಿನ ಬಿಟ್ಟು ಕೂರಿ.

ಡಿಸ್ಕೋ ಎಲಿಸಿಯಂ ತಗೊಳ್ಳಿ ಅಂತ ಇಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಬರವಣಿಗೆ ಅದ್ಭುತ. ಆದರೆ ಗಟ್ಟಿ ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ಓದಬೇಕು, ನಿಮ್ಮ ಪ್ರಯತ್ನ ಫಲಿಸುತ್ತದಾ ಅಂತ ಗೇಮ್ ದಾಳ ಹಾಕಿ ತೀರ್ಮಾನಿಸುತ್ತದೆ, ಮುಖ್ಯ ಗಳಿಗೆಯಲ್ಲಿ ಅದು ಕೈಕೊಡಬಹುದು. ಅದರಲ್ಲಿ ಸೋಲೂ ಕಥೆಯ ಭಾಗ, ಸೋತಾಗಲೆಲ್ಲ ಹಳೆ ಸೇವ್ ಲೋಡ್ ಮಾಡಿ ಹಿಂದಿನಿಂದ ಮತ್ತೆ ಆಡಿದರೆ ಸ್ವಾರಸ್ಯವೇ ಹೋಗುತ್ತದೆ.

ಕಡಿಮೆ ಸಮಯ ಇದ್ದರೆ ಹರ್ ಸ್ಟೋರಿ ಸಾಕು. ಒಬ್ಬ ಹೆಂಗಸಿನ ಪೊಲೀಸ್ ವಿಚಾರಣೆಯ ತುಣುಕುಗಳು, ಪದ ಟೈಪ್ ಮಾಡಿ ಹುಡುಕಬೇಕು. ಎಷ್ಟೇ ಸಿಕ್ಕರೂ ಮೊದಲ 5 ಮಾತ್ರ ತೆರೆಯುತ್ತವೆ, ಹಾಗಾಗಿ ಪದ ಆರಿಸುವುದೇ ಆಟ. ಪಕ್ಕದಲ್ಲಿ ನೋಟ್‌ಬುಕ್ ಇರಲಿ.

ದುಡ್ಡಿನ ವಿಷಯಕ್ಕೆ ಬಂದರೆ, ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ವಾಪಸ್ ಕೇಳಬಹುದು. ಓಬ್ರಾ ದಿನ್ ಹಿಡಿಸುತ್ತದಾ ಇಲ್ಲವಾ ಅಂತ ತಿಳಿಯಲು ಅಷ್ಟು ಹೊತ್ತು ಧಾರಾಳ ಸಾಕು.