ಪಕ್ಕದ್ಮನೆ ಬಾಯ್ಲರ್ ಹೊಗೆ ನಮ್ಮ ಕಿಟಕಿಗೆ – ಒಂದು ಆಪ್ತಸಲಹೆ ಪ್ರಕರಣ

ದಾವಣಗೆರೆಯ ಹಳೇ ಭಾಗ, ಗೋಡೆಗೆ ಗೋಡೆ ತಾಗಿದ ಮನೆಗಳು. ಗುರುತು ಸಿಗಬಾರ್ದು ಅಂತ ಓಣಿ ಹೆಸರು ಬಿಟ್ಟಿದೀನಿ, ಇವ್ರನ್ನ ಸುಮಾ ಅನ್ನೋಣ. ನಿದ್ದೆ ಬರಲ್ಲ, ಸಿಟ್ಟು ತಡ್ಕೊಳಕ್ಕಾಗಲ್ಲ ಅಂತ ಬಂದ್ರು. ಮಾತಾಡ್ತಾ ಗೊತ್ತಾಯ್ತು, ಪಕ್ಕದ್ಮನೆಯವ್ರು ಸ್ನಾನದ ನೀರಿಗೆ ಹಾಕಿಸಿರೋ ಸೌದೆ ಬಾಯ್ಲರ್‌ದು ಹೊಗೆ ಪೈಪು ನೇರ ಇವ್ರು ಮಲಗೋ ರೂಮಿನ ಕಿಟಕಿ ಎದುರಿಗೇ ಐತೆ, ಬೆಳಗಿನ ಜಾವ ಉರಿ ಹಚ್ಚಿದ್ರೆ ರೂಮೆಲ್ಲಾ ಹೊಗೆ, ಉರಿ ಬೇಗ ಹಿಡೀಲಿ ಅಂತ ಹಾಲಿನ ಪ್ಯಾಕೆಟ್ಟೂ ಒಳಗೆ, ಸಣ್ಣ ಮಗಂಗೆ ಕೆಮ್ಮು ಬಿಡ್ತಾನೇ ಇಲ್ಲ. ಕೇಳಕ್ಕೆ ಹೋದ್ರೆ ಆ ಮನೆ ಅಜ್ಜಿ "ಯಾರ ಮನ್ಯಾಗ ಹೊಗೆ ಇಲ್ಲವ್ವಾ" ಅಂದ್ರಂತೆ. ಗಂಡ "ಸುಮ್ನಿರು, ದಿನಾ ಮುಖ ನೋಡ್ಬೇಕು" ಅಂತಾರೆ. ಆ ಸುಮ್ನಿರು ಅನ್ನೋ ಮಾತು ಹೇಳುವಾಗ್ಲೇ ಸುಮಾ ಅತ್ತಿದ್ದು, ಹೊಗೆ ವಿಷಯ ಹೇಳುವಾಗಲ್ಲ.

ಹೋಗೋ ಮುಂಚೆ ಒಂದ್ಮಾತು ಹೇಳಿದ್ರು. "ಮೇಡಂ, ನನ್ ತಮ್ಮ ಆ ಪೈಪಿಗೆ ಹಸಿ ಗೋಣಿಚೀಲ ತುರುಕ್ತೀನಿ ಅಂತಾನೆ." ಅಲ್ಲೇ ಮತ್ತೆ ಕೂರಿಸಿದೆ. ಇದನ್ನ ಯಾರೂ, ಯಾವತ್ತೂ ಮಾಡಬೇಡಿ. ಪೈಪು ಕಟ್ಟಿದ್ರೆ ಹೊಗೆ ಅವ್ರ ಬಚ್ಚಲಿಗೇ ವಾಪಸ್ ತಿರುಗುತ್ತೆ, ಅದ್ರಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ ವಾಸ್ನೆ ಇಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಹಿಡ್ಕೊಳ್ಳುತ್ತೆ. ತಲೆನೋವು, ವಾಕರಿಕೆ, ಆಮೇಲೆ ಎಚ್ಚರ ತಪ್ಪೋದು. ಬಾಗಿಲು ಹಾಕ್ಕೊಂಡು ಸ್ನಾನ ಮಾಡ್ತಿರೋ ಮನುಷ್ಯ ಅಲ್ಲೇ ಸಾಯಬಹುದು. ತಮ್ಮಂಗೆ ಅವತ್ತೇ ಫೋನ್ ಮಾಡಿಸಿ ಇದನ್ನ ಹೇಳಿಸ್ದೆ.

ಸಲಹೆ ಅಂತ ಕೊಟ್ಟಿದ್ದು, ಮೊದ್ಲು ಮಗನ್ನ ಡಾಕ್ಟರ್‌ಗೆ ತೋರಿಸಿ, ಹೊಗೆ ಬರೋ ಹೊತ್ತು ಮತ್ತೆ ಮಗುವಿನ ಕೆಮ್ಮು ಒಂದು ನೋಟ್‌ಬುಕ್ಕಲ್ಲಿ ಬರೀರಿ, ಮೊಬೈಲಲ್ಲಿ ಫೋಟೋ ಇಟ್ಕೊಳ್ಳಿ. ಉರಿ ಹಚ್ಚಿರುವಾಗ ಜಗಳಕ್ಕೆ ಹೋಗಬೇಡಿ, ಸಂಜೆ ಗಂಡನ ಜೊತೆ ಹೋಗಿ, ಹಳೇದೆಲ್ಲಾ ಕೆದಕದೆ ಎರಡೇ ಕೇಳಿ, ಪೈಪು ಎರಡೂ ಮನೆ ಚಾವಣಿಗಿಂತ ಮೇಲಕ್ಕೆ ನೆಟ್ಟಗೆ ಏರಿಸಿ ಟೋಪಿ ಹಾಕ್ಸೋದು, ಪ್ಲಾಸ್ಟಿಕ್ ಬಿಟ್ಟು ಒಣ ಸೌದೆ ಮಾತ್ರ ಹಾಕೋದು. ಪೈಪು ಎತ್ತರ ಆದಷ್ಟೂ ಹೊಗೆ ಚೆನ್ನಾಗಿ ಎಳ್ಕೊಳ್ಳುತ್ತೆ, ಅವ್ರ ಬಚ್ಚಲಲ್ಲೂ ಹೊಗೆ ಕಮ್ಮಿ ಆಗುತ್ತೆ, ಅಜ್ಜಿಗೆ ಇದನ್ನೇ ಮೊದ್ಲು ಹೇಳಿ ಅಂದೆ. ವೆಲ್ಡಿಂಗ್ ಖರ್ಚಲ್ಲಿ ಅರ್ಧ ಕೊಡೋ ಶಕ್ತಿ ಇದ್ರೆ ಕೊಡಿ, ಅದ್ರಲ್ಲಿ ಸೋತಂಗೇನಿಲ್ಲ. ಕೇಳ್ಲಿಲ್ಲ ಅಂದ್ರೆ ಮಹಾನಗರ ಪಾಲಿಕೆಗೆ ಬರವಣಿಗೇಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಐತೆ, 1987ರ ಕಾಯ್ದೆ ಪ್ರಕಾರ ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಉಚಿತ ಕಾನೂನು ನೆರವು ಸಿಗುತ್ತೆ.

ಗಂಡನ್ನೂ ಒಂದ್ಸಲ ಕರೆಸಿದ್ದೆ. ಜಗಳ ಬೇಡ ಅನ್ನೋದು ಸರಿ, ಆದ್ರೆ ಹೆಂಡ್ತಿ ಒಬ್ಳೇ ಹೋಗಿ ಬೈಸ್ಕೊಂಡು ಬರೋದು ಸರಿಯಲ್ಲ ಅಂತ ನೇರವಾಗೇ ಹೇಳ್ದೆ. ಇಬ್ರೂ ಹೋದ್ರು. ಅಜ್ಜಿ ಒಪ್ಲಿಲ್ಲ, ಅವ್ರ ಮಗ ಒಪ್ಪಿ ಪೈಪು ಏರಿಸ್ಯಾನೆ. ಹಾಲಿನ ಪ್ಯಾಕೆಟ್ ಸುಡೋದು ಇನ್ನೂ ಪೂರ್ತಿ ನಿಂತಿಲ್ಲ, ಮುಂದಿನ ಭೇಟಿಗೆ ಗಂಡ ಹೆಂಡ್ತಿ ಇಬ್ರೂ ಬರ್ತಾರೆ, ಪಾಲಿಕೆಗೆ ಬರೀಬೇಕಾ ಇನ್ನೊಂದ್ಸಲ ಮಾತಾಡ್ಬೇಕಾ ಅಂತ ಆಗ ಕೂತು ನೋಡ್ತೀವಿ.